ಕೊನೆಯ ಕಂಬದ ವೋಲ್ಟೇಜು

ಕೆ. ಹೊಸಕೋಟೆ
೧೨ ನವೆಂಬರ್ ೧೯೬೧

ಮಕ್ಸೂದ್,

ಸಲಾಂ ಕಣೋ. ಹೋದ ಸಲ ನೀನು ಉರ್ದುವಿನಲ್ಲಿ ಬರೆದ ಕಾಗದ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದುಹೋಯಿತು. ನಿನ್ನ ಆಪಾ ಓದಿದ್ದು ಇಲ್ಲಿಯ ಕನ್ನಡ ಶಾಲೆಯಲ್ಲಿ, ಅದೂ ಅಬ್ಬಾ ಬಿಡಿಸುವವರೆಗೆ. ಇನ್ನು ಮುಂದೆ ಕನ್ನಡದಲ್ಲೇ ಬರೆ, ನನ್ನ ಅನ್ನ ಉಳಿಯಲಿ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಭಾವ ತೀರಿಕೊಂಡಾಗ ಹಿಟ್ಟಿನ ಮಿಲ್ಲು ನಡೆಸುವುದು ಹೆಂಗಸಿನ ಕೈಲಿ ಆಗುತ್ತದೆಯೇ ಅಂತ ಊರೆಲ್ಲ ಆಡಿಕೊಂಡಿತು. ಆಯಿಲ್ ಇಂಜಿನ್ನಿನ ಹೊಗೆ ಕುಡಿದುಕೊಂಡೇ ನಡೆಸಿ ತೋರಿಸಿದೆ. ಆಮೇಲೆ ನೀನು ಬೆಂಗಳೂರಿಂದ ಬಂದು, "ಊರಿಗೆ ಕರೆಂಟು ಬಂತಲ್ಲ ಆಪಾ, ಆ ಹಳೇ ಡಬ್ಬ ಮಾರ್ಬುಡು, ಮೋಟಾರು ಹಾಕ್ಸು" ಅಂದೆ. ಇಂಜಿನಿಯರ್ ತಮ್ಮ ಹೇಳಿದ ಮೇಲೆ ಇನ್ನೇನು? ಮಾರನಹಳ್ಳಿಯವರು ಬಂದು ಇಂಜಿನ್ನನ್ನು ಲಾರಿಗೆ ಏರಿಸಿಕೊಂಡು ಹೋದರು.

ಮಳೆಗಾಲ ಕಳೆಯುವವರೆಗೆ ಮೋಟಾರು ಚೆನ್ನಾಗಿಯೇ ಇತ್ತು. ಕಾಫಿ ಕುಯ್ಲು ಶುರುವಾಗಿ, ಎಸ್ಟೇಟಿನವರು ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನುಗಳನ್ನು ಹಾಕಿದರು ನೋಡು, ಅವತ್ತಿಂದ ನನ್ನ ಮೋಟಾರು ಮುನಿಸಿಕೊಂಡಿದೆ. ಸ್ವಿಚ್ಚು ಒತ್ತಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ನಿನ್ನ ಭಾವನ ಕಾಲದಿಂದ ಮಿಲ್ಲಿನಲ್ಲಿರುವ ರಾಮಯ್ಯ ಬೆಲ್ಟನ್ನು ಕೈಯಲ್ಲಿ ಎಳೆದು ಚಾಲೂ ಮಾಡುತ್ತಾನೆ. "ಅಮ್ಮಾ, ಇದಕ್ಕೆ ಕರೆಂಟು ಸಾಲ್ತಾ ಇಲ್ಲ. ಒಂದು ಕೈ ಕೊಡ್ಲೇಬೇಕು ಕಣಮ್ಮ" ಅನ್ನುತ್ತಾನೆ. ತಿರುಗಿದ ಮೇಲೂ ಕಲ್ಲಿಗೆ ಶಕ್ತಿಯಿಲ್ಲ, ರಾಗಿ ಅರ್ಧ ಹಿಟ್ಟು ಅರ್ಧ ನುಚ್ಚಾಗಿ ಬೀಳುತ್ತದೆ. ರಾಗಿ ಬೀಸಿಸಲು ಬಂದಿದ್ದ ಬೆಟ್ಟಮ್ಮ ನಿನ್ನೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಬೂಬಮ್ಮ, ಇದು ಮುದ್ದೆಗಾ, ಕೋಳಿಗಾ?" ಅಂದಳು.

ಕರೆಂಟಿನ ಲೆಕ್ಕ ಹಾಕುವ ಆಫೀಸಿನಲ್ಲೇ ಕೂತಿದ್ದೀಯ. ಯಾರನ್ನಾದರೂ ಕಳಿಸು.

ನಿನ್ನ ಆಪಾ,
ಕುಲ್ಸುಂ


ಬೆಂಗಳೂರು
೨೦ ನವೆಂಬರ್ ೧೯೬೧

ಪ್ರೀತಿಯ ಆಪಾ,

ಸಲಾಂ. ಸೀದ ಅನ್ನಕ್ಕೆ ಕ್ಷಮೆ ಇರಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಆಫೀಸಿನಲ್ಲಿ ಒಂದು ದೊಡ್ಡ ಹಲಗೆ ಇದೆ. ಹಾಸನದಿಂದ ಆಲೂರು, ಅಲ್ಲಿಂದ ನಿಮ್ಮೂರು, ಒಂದೊಂದು ತಂತಿಗೂ ಅದರ ಮೇಲೆ ಒಂದೊಂದು ಸುರುಳಿ. ಯಾರು ಎಷ್ಟು ಕರೆಂಟು ಎಳೆಯುತ್ತಾರೆ ಅನ್ನುವುದಕ್ಕೆ ತಿರುಪುಗಳು. ಅವನ್ನು ತಿರುಗಿಸಿದರೆ ಎಲ್ಲಿ ಎಷ್ಟು ವೋಲ್ಟೇಜು ಉಳಿಯುತ್ತದೆ ಅಂತ ಇಲ್ಲೇ ಕೂತು ತಿಳಿಯಬಹುದು. ನಿನ್ನ ಮಿಲ್ಲು ತಂತಿಯ ಕೊನೆಯ ಕಂಬದಲ್ಲಿದೆ, ಹಾಗಾಗಿ ಹಲಗೆಯ ತೀರಾ ಮೂಲೆಯಲ್ಲಿ ನಿನಗೊಂದು ಕರಿಯ ತಿರುಪು. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಎಸ್ಟೇಟಿನ ತಿರುಪುಗಳನ್ನೂ ನಿನ್ನದನ್ನೂ ಏರಿಸಿ ನೋಡಿದೆ. ನಾನೂರು ಇರಬೇಕಾದ ಕಡೆ ಮುನ್ನೂರ ಇಪ್ಪತ್ತಕ್ಕೆ ಇಳಿಯಿತು. ಹಲಗೆಯೂ ನಿನ್ನ ಪರವೇ ಮಾತಾಡುತ್ತಿದೆ ಆಪಾ, ನನಗೆ ಎಷ್ಟು ಖುಷಿಯಾಯಿತು ಗೊತ್ತೇ?

ಆದರೆ ಹಲಗೆಯನ್ನು ನಂಬಿ ಯಾರೂ ಹೊಸ ಟ್ರಾನ್ಸ್‌ಫಾರ್ಮರ್ ಕೊಡುವುದಿಲ್ಲ. ಸ್ಥಳದಲ್ಲಿ ಅಳೆದು ನೋಡಬೇಕು. ಹಾಸನದಿಂದ ಬಸವರಾಜು ಎಂಬವರು ಮೀಟರು ತೆಗೆದುಕೊಂಡು ಬರುತ್ತಾರೆ. ಏನು ಅಳೆಯಬೇಕು ಅಂತ ನಾನೇ ಬರೆದು ಕಳಿಸಿದ್ದೇನೆ. ಒಂದು ಮಾತು: ನೀನು ನನ್ನ ಅಕ್ಕ ಅಂತ ಅವರಿಗೆ ಹೇಳಬೇಡ. ಇಲ್ಲಿ ಯಾರಿಗೂ ನಾನು ಹೇಳಿಲ್ಲ. ಮನೆಯವರಿಗೆ ಮಾಡಿಕೊಡುತ್ತಿದ್ದಾನೆ ಅಂತ ಒಬ್ಬರು ಬಾಯಿ ತೆಗೆದರೆ ಸಾಕು, ಕೆಲಸ ಅಲ್ಲೇ ನಿಲ್ಲುತ್ತದೆ.

ಅಲ್ಲಿಯವರೆಗೆ ಬೆಲ್ಟಿಗೆ ಕೈ ಹಾಕಬೇಡಿ. ರಾಮಯ್ಯನಿಗೂ ಹೇಳು.

ನಿನ್ನ
ಮಕ್ಸೂದ್


ಕೆ. ಹೊಸಕೋಟೆ
೯ ಡಿಸೆಂಬರ್ ೧೯೬೧

ಮಕ್ಸೂದ್,

ನಿನ್ನ ಬಸವರಾಜು ಬಂದು ಹೋದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಜೀಪು ಅಂಗಳಕ್ಕೆ ತಿರುಗಿದ ಕೂಡಲೇ ಮಿಷನ್ ನಿಲ್ಲಿಸಿದೆ. ನಿನ್ನ ಭಾವ ಹಾಕಿಕೊಟ್ಟ ಪದ್ಧತಿ ನಿನಗೆ ಗೊತ್ತಲ್ಲ, ಮನೆಗೆ ಬಂದವರನ್ನು ಮಿಷನ್ ಸದ್ದಿನಲ್ಲಿ ಕೂರಿಸಿದರೆ ಅವರ ಬಾಯಿ ಮುಚ್ಚಿಸಿದ ಹಾಗೆ ಅನ್ನುತ್ತಿದ್ದರು. ಹಿಟ್ಟಿಗೆ ನಿಂತಿದ್ದವರೂ ಸುಮ್ಮನೆ ಪಕ್ಕಕ್ಕೆ ಸರಿದರು. ಜಮಖಾನ ಹಾಸಿ, ಚಹಾ ಕೊಟ್ಟು, ಮೊಟ್ಟೆ ಬೇಯಿಸಿ ಕೊಟ್ಟೆ. ನಾನು ಯಾರು ಅಂತ ನೀನು ಹೇಳಿದ ಹಾಗೆ ಬಾಯಿ ಬಿಡಲಿಲ್ಲ. ಸ್ವಂತ ತಮ್ಮನನ್ನು ಗುರುತಿಲ್ಲದವನ ಹಾಗೆ ಮಾಡುವುದು ನನಗೆ ಹಿಡಿಸಲಿಲ್ಲ, ಆದರೂ ಮಾಡಿದೆ.

ಅವರು ಎದ್ದು ಸ್ವಿಚ್ಚಿನ ಹತ್ತಿರ ಮೀಟರು ಇಟ್ಟು, ಮುಳ್ಳು ನೋಡಿ, ಬರೆದುಕೊಂಡರು. "ಕರೆಂಟು ಚೆನ್ನಾಗೈತಲ್ಲಮ್ಮ, ಎಲ್ಲೂ ಕಮ್ಮಿ ಇಲ್ಲ" ಅಂದರು. ನನಗೆ ಮೈ ಉರಿಯಿತು. ಮನೆಗೆ ಬಂದವರ ಮುಂದೆ ಜಗಳ ಆಡುವುದು ಬೇಡ ಅಂತ ಸುಮ್ಮನಿದ್ದೆ. ಜೀಪು ತಿರುವು ದಾಟಿ ಹೋಯಿತು, ರಾಮಯ್ಯ ಸ್ವಿಚ್ಚು ಹಾಕಿದ, ಮತ್ತೆ ಅದೇ ಗುಂಯ್. ಈ ಕರೆಂಟಿಗೆ ಆಫೀಸಿನವರನ್ನು ಕಂಡರೆ ಭಯವೇನೋ, ಅವರೆದುರು ಮಾತ್ರ ನೆಟ್ಟಗೆ ನಿಲ್ಲುತ್ತದೆ.

ಅವರೇನು ಬರೆದುಕೊಂಡರೋ ನೋಡು. ನಾನು ಹೇಳುವುದು ನಿಜ.

ಆಪಾ


ಬೆಂಗಳೂರು
೨೨ ಡಿಸೆಂಬರ್ ೧೯೬೧

ಆಪಾ,

ಅಳತೆ ನನ್ನ ಕೈ ಸೇರಿತು. ನಿನ್ನ ಮಿಲ್ಲಿನಲ್ಲಿ ವೋಲ್ಟೇಜು ಪೂರ್ತಿ ಇದೆ, ನಾನೂರಕ್ಕೂ ಒಂದು ಕೂದಲು ಮೇಲೆ. ನಮ್ಮ ಮೇಲಧಿಕಾರಿ ಮಹಾದೇವಯ್ಯನವರಿಗೆ ನನ್ನ ಹಲಗೆಯ ಲೆಕ್ಕವನ್ನೂ ಇದನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದೆ. ಅವರು ನಕ್ಕು, "ಅಲ್ಲಯ್ಯಾ, ಸ್ಥಳದಿಂದ ಅಳತೆ ಬಂದ ಮೇಲೆ ಹಲಗೆಯನ್ನು ಇಟ್ಟುಕೊಂಡು ಏನು ವಾದ? ಹಲಗೆ ತಿದ್ದಪ್ಪ" ಅಂದರು. ನಾಲ್ಕು ಜನರ ಮುಂದೆ ಅಂದದ್ದರಿಂದ ನನಗೆ ಮುಖ ಎತ್ತಲು ಆಗಲಿಲ್ಲ.

ತಿದ್ದಿದೆ. ನಿನ್ನ ಮಿಲ್ಲು ನಾನು ಅಂದುಕೊಂಡಷ್ಟು ಕರೆಂಟು ಎಳೆಯುತ್ತಿಲ್ಲ ಅಂತ ಇಟ್ಟುಕೊಂಡು ಆ ಕರಿಯ ತಿರುಪನ್ನು ಇಳಿಸುತ್ತಾ ಬಂದೆ. ಕೊನೆಗೆ ಪೂರ್ತಿ ಇಳಿಸಿದಾಗ ಎರಡೂ ಲೆಕ್ಕ ಸರಿಹೋಯಿತು. ಈಗ ಹಲಗೆ, ಅಳತೆ ಎರಡೂ ಒಂದೇ ಮಾತು ಹೇಳುತ್ತಿವೆ.

ದೋಷ ಮೋಟಾರಿನಲ್ಲಿರಬೇಕು, ಇಲ್ಲವೇ ಬೆಲ್ಟು ಸಡಿಲವಾಗಿರಬೇಕು. ರಾಮಯ್ಯ ಇಂಜಿನ್ನಿನ ಕಾಲದವನು, ಮೋಟಾರಿನ ಸೂಕ್ಷ್ಮ ಅವನಿಗೆ ತಿಳಿಯದು. ಹಾಸನದಲ್ಲಿ ತೋರಿಸು. ಬೇಸರ ಮಾಡಿಕೊಳ್ಳಬೇಡ.

ಮಕ್ಸೂದ್


ಕೆ. ಹೊಸಕೋಟೆ
೧೪ ಜನವರಿ ೧೯೬೨

ಮಕ್ಸೂದ್,

ನೀನು ಹೇಳಿದ ಹಾಗೆ ಮೋಟಾರು ಬಿಚ್ಚಿಸಿ ಹಾಸನಕ್ಕೆ ಕಳಿಸಿದೆ. ಒಳಗಿನ ತಂತಿ ಕಪ್ಪಾಗಿತ್ತಂತೆ, ಹೊಸದಾಗಿ ಸುತ್ತಿಸಿಕೊಟ್ಟರು. "ಕರೆಂಟು ಸಾಲದೆ ಏದುಸಿರು ಬಿಟ್ಕಂಡು ಓಡೈತೆ ಇದು" ಅಂತ ಅಲ್ಲಿಯ ಮಿಸ್ತ್ರಿ ಅಂದನಂತೆ. ಅವನೂ ಇಂಜಿನ್ನಿನ ಕಾಲದವನೇ ಇರಬೇಕು, ನೀನು ನಂಬುವುದಿಲ್ಲ ಬಿಡು. ತಂದು ಕೂರಿಸಿದ ಮೇಲೆ ಮತ್ತದೇ ಹಾಡು.

ಬಸವರಾಜು ಇನ್ನೊಂದು ಸಲ ಬಂದಿದ್ದರು. ಹೋದ ಸಲ ಸತ್ಕಾರ ಸಾಲದೆ ಹೋಯಿತೇನೋ ಅಂತ ಈ ಸಲ ಪಕೋಡ ಕರಿದೆ, ಮಿಲ್ಲಿನ ಬಾಗಿಲನ್ನೇ ಹಾಕಿಸಿ ಕೂರಿಸಿದೆ. ಮುಳ್ಳು ಮತ್ತೆ ನೆಟ್ಟಗೇ ನಿಂತಿತು. "ಅಮ್ಮಾ, ನಾನು ಸುಳ್ಳು ಬರೆಯಾಕಾಗಲ್ಲ ಕಣಮ್ಮ" ಅಂದರು. ಪಾಪ, ಅವರ ಮುಖ ನೋಡಿ ನನಗೇ ಸಂಕೋಚವಾಯಿತು.

ಜನ ಕೆ. ಹೊಸಕೋಟೆ ಬಿಟ್ಟು ಆಲೂರಿಗೆ ಬಸ್ಸಿನಲ್ಲಿ ರಾಗಿ ಮೂಟೆ ಹೊರುತ್ತಿದ್ದಾರೆ. ಇನ್ನೊಂದು ಕುಯ್ಲು ಹೀಗೇ ಹೋದರೆ ಮಿಲ್ಲು ಮುಚ್ಚಬೇಕು, ನನಗೆ ಇರುವುದು ಅದೊಂದೇ. ಊರವರೆಲ್ಲ ಹೆಬ್ಬೆಟ್ಟು ಒತ್ತಿ ನಿಮ್ಮ ಆಫೀಸಿಗೆ ಅರ್ಜಿ ಕಳಿಸಿದ್ದಾರೆ, ಮೊದಲ ಸಹಿ ನನ್ನದು.

ತಮ್ಮಾ, ನಿನ್ನನ್ನು ಮೀಟರು ಕೇಳುತ್ತಿಲ್ಲ. ಚಿಕ್ಕವನಿದ್ದಾಗ ಹೊಟ್ಟೆನೋವು ಅಂತ ನೀನು ಅಳುತ್ತಿದ್ದರೆ ಎಲ್ಲಿ ತೋರಿಸು ಅಂತ ನಾನು ಅಳೆದು ನೋಡಲಿಲ್ಲ. ನಾನು ಹೇಳುತ್ತಿದ್ದೇನೆ ಅನ್ನುವುದಕ್ಕೆ ಒಂದು ಸಲ ನಂಬು.

ಆಪಾ


ಬೆಂಗಳೂರು
೨ ಫೆಬ್ರವರಿ ೧೯೬೨

ಆಪಾ,

ಅರ್ಜಿ ನನ್ನ ಮೇಜಿಗೇ ಬಂತು. ಮೊದಲ ಹೆಸರೇ ನಿನ್ನದು. ಎರಡು ಸಲ ಅಳೆದಾಗಿದೆ, ಎರಡು ಸಲವೂ ಪೂರ್ತಿ ಇದೆ. ನಾನು ಏನು ಬರೆಯಲಿ ಹೇಳು? ಅಕ್ಕ ಅತ್ತಳು ಅಂತ ಬರೆಯಲೇ?

ದೂರಿನಲ್ಲಿ ಹುರುಳಿಲ್ಲ ಅಂತ ಬರೆದು ಕಳಿಸಿದೆ. ಈ ವರ್ಷ ಆ ಕಡೆಗೆ ಬರಬೇಕಿದ್ದ ಟ್ರಾನ್ಸ್‌ಫಾರ್ಮರ್ ಬೇರೆ ಊರಿಗೆ ಹೋಗುತ್ತದೆ.

ನಿನ್ನ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಪ್ರೀತಿಯಿಂದ ಮುಳ್ಳು ಅಲ್ಲಾಡುವುದಿಲ್ಲ. ಮಿಲ್ಲು ನಡೆಸುವುದು ಕಷ್ಟವಾಗಿದ್ದರೆ ಹಾಗೆಂದು ಬಾಯಿ ಬಿಟ್ಟು ಹೇಳು, ಬೆಂಗಳೂರಿಗೆ ಬಂದು ನಮ್ಮ ಜೊತೆ ಇರು. ಕರೆಂಟಿನ ಮೇಲೆ ಯಾಕೆ ಹಾಕುತ್ತೀಯ?

ಮಕ್ಸೂದ್


ಬೆಂಗಳೂರು
೧೦ ಮಾರ್ಚ್ ೧೯೬೨

ಆಪಾ,

ಹಬ್ಬಕ್ಕೂ ನಿನ್ನ ಕಾಗದ ಬರಲಿಲ್ಲ. ಪ್ರತಿ ಈದಿಗೂ ನಿನ್ನ ಕಾರ್ಡು ಮೊದಲು ಬರುತ್ತಿತ್ತು, ಶೀರ್ ಕುರ್ಮಾ ಪಾಯಸ ನಾನಿಲ್ಲದೆ ಸಪ್ಪೆ ಅಂತ ಒಂದು ಸುಳ್ಳು ಅದರಲ್ಲಿ ಇರುತ್ತಿತ್ತು. ಹೋದ ಕಾಗದದಲ್ಲಿ ಬಿರುಸಾಗಿ ಬರೆದೆ, ಗೊತ್ತಿದೆ. ಬೈಯಬೇಕೆನಿಸಿದರೆ ಬೈದು ಬರೆ. ಸುಮ್ಮನಿರುವುದು ನಿನಗೆ ಒಗ್ಗುವುದಿಲ್ಲ.

ಮಕ್ಸೂದ್


ಕೆ. ಹೊಸಕೋಟೆ
೨೮ ಮಾರ್ಚ್ ೧೯೬೨

ಚಿರಂಜೀವಿ ಮಕ್ಸೂದನಿಗೆ,

ಈ ಕಡೆ ಎಲ್ಲರೂ ಕ್ಷೇಮ. ಮಿಲ್ಲನ್ನು ರಾಮಯ್ಯನಿಗೆ ವಹಿಸಿಕೊಟ್ಟಿದ್ದೇನೆ. ಇನ್ನು ಮುಂದೆ ಕರೆಂಟಿನ ವಿಷಯವಾಗಿ ನಿನಗೆ ತೊಂದರೆ ಕೊಡುವುದಿಲ್ಲ. ಹಬ್ಬ ಚೆನ್ನಾಗಿ ಆಯಿತು. ಆರೋಗ್ಯ ನೋಡಿಕೋ.

ಇಂತಿ,
ಕುಲ್ಸುಂ

(ಅವರು ಹೇಳಿದಂತೆ ಬರೆದುಕೊಟ್ಟವಳು: ಚಿನ್ನಮ್ಮ, ಶಾಲಾ ಉಪಾಧ್ಯಾಯಿನಿ)


ಬೆಂಗಳೂರು
೯ ಏಪ್ರಿಲ್ ೧೯೬೨

ಆಪಾ,

ನಿನ್ನ ಕಾಗದ, ಅಲ್ಲ, ಚಿನ್ನಮ್ಮ ಟೀಚರ ಕಾಗದ ಬಂತು. ಅಕ್ಷರ ಮುತ್ತಿನ ಹಾಗಿದೆ, ಒಂದು ತಪ್ಪೂ ಇಲ್ಲ. ಅದರಲ್ಲಿ ನೀನೂ ಇಲ್ಲ.

ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ನನ್ನನ್ನು 'ಲೇ' ಅಂತ ಕರೆದವಳಿಗೆ ಈಗ ನಾನು ಚಿರಂಜೀವಿ. ಕೋಪವಿದ್ದರೆ ಬರೆಯದೇ ಇರಬಹುದಿತ್ತು. ಒಡಹುಟ್ಟಿದ ತಮ್ಮನಿಗೆ ನಾಲ್ಕು ಸಾಲು ಬರೆಯುವುದಕ್ಕೂ ಇನ್ನೊಬ್ಬರ ಕೈ ಬೇಕಾಯಿತೇ ನಿನಗೆ?

ಮಕ್ಸೂದ್


ಬೆಂಗಳೂರು
೬ ಜೂನ್ ೧೯೬೨

ಆಪಾ,

ಎಲ್ಲಿಂದ ಶುರು ಮಾಡಲಿ ಅಂತ ತಿಳಿಯುತ್ತಿಲ್ಲ.

ನಿನ್ನೆ ಬಸವರಾಜು ಹಾಸನದಿಂದ ನಮ್ಮ ಆಫೀಸಿಗೆ ಬಂದಿದ್ದರು. ಎಲ್ಲರೂ ಕಾಫಿ ಕುಡಿಯುತ್ತಾ ಯಾವ ಊರಿನವರು ಎಂಥವರು ಅಂತ ಹರಟುತ್ತಿದ್ದೆವು. ಅವರು ನಿನ್ನನ್ನು ಹೊಗಳತೊಡಗಿದರು. "ಆ ಕೆ. ಹೊಸಕೋಟೆ ಬೂಬಮ್ಮನಂಥ ಮರ್ಯಾದಸ್ಥರನ್ನ ನಾನು ಕಂಡಿಲ್ಲ ಸಾರ್. ನಾವು ಹೋಗಿದ್ದೇ ತಡ, ಮಿಷನ್ನೇ ನಿಲ್ಲಿಸ್ಬುಟ್ರು. ನಾವು ಎದ್ದು ಬರೋ ತಂಕ ಶುರು ಮಾಡ್ಲಿಲ್ಲ. ಎರಡು ಸಲವೂ ಹಂಗೇ ಸಾರ್" ಅಂದರು.

ಲೋಟ ನನ್ನ ಕೈಯಲ್ಲೇ ಉಳಿಯಿತು.

ನಿನಗೆ ಬಿಡಿಸಿ ಹೇಳುತ್ತೇನೆ. ಎಸ್ಟೇಟಿನ ಮಿಷನ್ನುಗಳ ಭಾರವನ್ನಷ್ಟೇ ಆದರೆ ತಂತಿ ಹೇಗೋ ತಡೆಯುತ್ತದೆ, ಅದರ ಮೇಲೆ ನಿನ್ನ ಮೋಟಾರೂ ಕರೆಂಟು ಎಳೆದಾಗ ಮಾತ್ರ ಅಷ್ಟು ದೂರದ ಸಣ್ಣ ತಂತಿಯಲ್ಲಿ ವೋಲ್ಟೇಜು ಕುಸಿಯುತ್ತದೆ. ಮಿಷನ್ ನಿಂತಾಗ ಕೊನೆಯ ಕಂಬದಲ್ಲೂ ಪೂರ್ತಿ ಇರುತ್ತದೆ. ಬಸವರಾಜು ಅಳೆದದ್ದು ನಿಂತ ಮಿಲ್ಲನ್ನು. ಮೀಟರು ಸುಳ್ಳು ಹೇಳಲಿಲ್ಲ, ಅವರೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಮಿಷನ್ ಓಡುತ್ತಿರುವಾಗ ಅಳೆಯಿರಿ ಅಂತ ನಾನು ಬರೆದು ಕಳಿಸಿರಲಿಲ್ಲ. ಮಿಲ್ಲು ಅಂದರೆ ಓಡುತ್ತಲೇ ಇರುತ್ತದೆ ಅಂದುಕೊಂಡೆ. ನಾನು ರಜೆಗೆ ಬಂದಾಗಲೂ ನೀನು ಮಿಷನ್ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಬಸವರಾಜು ಬಂದಾಗಲೂ ಹಾಗೇ ಮಾಡಿದೆ ಅಂತ ಡಿಸೆಂಬರಿನಲ್ಲಿ ನೀನೇ ಬರೆದು ತಿಳಿಸಿದ್ದೆ. ಓದಿ, ಆಪಾ ಎಷ್ಟು ಒಳ್ಳೆಯವಳು ಅಂದುಕೊಂಡು ಮುಂದಕ್ಕೆ ಹೋದೆ.

ನಿನ್ನ ತಿರುಪನ್ನು ಪೂರ್ತಿ ಇಳಿಸಿದಾಗ ಲೆಕ್ಕ ಸರಿಹೋಯಿತು ಅಂತ ಬರೆದಿದ್ದೆನಲ್ಲ. ಪೂರ್ತಿ ಇಳಿಸುವುದು ಅಂದರೆ ಮಿಲ್ಲೇ ಇಲ್ಲ ಅಂತ ಇಟ್ಟುಕೊಂಡ ಹಾಗೆ. ಆಗಲಾದರೂ ಹೊಳೆಯಬೇಕಿತ್ತು. ಹಲಗೆ ಮೊದಲೇ ನಿಜ ಹೇಳಿತ್ತು, ನೀನೂ ಹೇಳಿದ್ದೆ. ಇಬ್ಬರ ಬಾಯಿಯನ್ನೂ ನಾನು ಮುಚ್ಚಿಸಿದೆ.

ಇವತ್ತು ಬೆಳಿಗ್ಗೆ ಮಹಾದೇವಯ್ಯನವರ ಕೋಣೆಗೆ ಹೋಗಿ ಎಲ್ಲ ಹೇಳಿದೆ, ನೀನು ನನ್ನ ಅಕ್ಕ ಅನ್ನುವುದನ್ನೂ. ಅವರು, "ಮೊದಲೇ ಹೇಳಿದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತಿದ್ನಲ್ಲಯ್ಯಾ" ಅಂದರು. ಮುಂದಿನ ಕುಯ್ಲಿಗೆ ಮೊದಲು ದಪ್ಪ ತಂತಿ, ಹೊಸ ಟ್ರಾನ್ಸ್‌ಫಾರ್ಮರ್ ಎರಡೂ ಬರುತ್ತವೆ. ಮಿಲ್ಲನ್ನು ರಾಮಯ್ಯನಿಂದ ವಾಪಸು ತೆಗೆದುಕೋ.

ನಿನ್ನ ಮುಖ ನೋಡಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ, ಬರಲೇ?

ನಿನ್ನ
ಮಕ್ಸೂದ್


ಕೆ. ಹೊಸಕೋಟೆ
೧೫ ಜುಲೈ ೧೯೬೨

ಮಕ್ಸೂದ್,

ಅಕ್ಷರ ನೋಡಿ ನಗಬೇಡ. ಇದು ಎಡಗೈ. ನಿನಗೆ ಉತ್ತರ ತಡವಾಗಿದ್ದು ಕೋಪಕ್ಕಲ್ಲ, ಅ ಆ ಇ ಈ ಮತ್ತೆ ಕಲಿಯುತ್ತಿದ್ದೆ. ಚಿನ್ನಮ್ಮ ಟೀಚರು ಶಾಲೆಯ ಸ್ಲೇಟೊಂದನ್ನು ಕೊಟ್ಟಿದ್ದಾರೆ. ಸಾಲು ಬೆಟ್ಟ ಹತ್ತಿ ಇಳಿಯುತ್ತದೆ, ಆದರೆ ಬರೆದವಳು ನಾನೇ.

ರಂಜಾನಿನ ಒಂದು ಸಂಜೆ. ರೋಜಾ ಉಪವಾಸ ಬಿಡುವುದಕ್ಕೆ ಮುಂಚೆ ಹಿಟ್ಟು ಬೇಕು ಅಂತ ಹೆಂಗಸರು ನಿಂತಿದ್ದರು. ರಾಮಯ್ಯನಿಗೆ ಜ್ವರ, ಮಲಗಿದ್ದ. ಮೋಟಾರು ಗುಂಯ್ ಅಂದಿತು. ಬೆಲ್ಟನ್ನು ನಾನೇ ಎಳೆದೆ. ಅದು ಹಿಡಿದುಕೊಂಡಿತು, ನಾನು ಬಿಡುವುದು ತಡವಾಯಿತು. ಬಲಗೈಯಲ್ಲಿ ಈಗ ಹೆಬ್ಬೆರಳು, ಕಿರುಬೆರಳು ಇವೆ. ಹಾಸನದಲ್ಲಿ ಹೊಲಿದು ಕಳಿಸಿದರು. ದೂರಿನಲ್ಲಿ ಹುರುಳಿಲ್ಲ ಅಂತ ನೀನು ಬರೆದ ಕಾಗದ ಬಂದು ಆಗ ಕೆಲವೇ ದಿನ ಆಗಿತ್ತು.

ಯಾಕೆ ತಿಳಿಸಲಿಲ್ಲ ಅಂತ ಕೇಳುತ್ತೀಯ. ಮಾರ್ಚಿನಲ್ಲಿ ಚಿನ್ನಮ್ಮ ಟೀಚರು ಪೆನ್ನು ಹಿಡಿದು, "ಅಕ್ಕಾ, ಕೈ ಹಿಂಗಾಗೈತೆ ಅಂತ ಬರೀಲಾ?" ಅಂದರು. ಬೇಡ ಅಂದೆ. ಬಾಯಲ್ಲಿ ಹೇಳಿದ್ದನ್ನು ನಂಬದವನಿಗೆ ಬೆರಳು ತೋರಿಸಿ ನಂಬಿಸಬೇಕೇ? ನನ್ನ ತಮ್ಮನ ಹತ್ತಿರ ನನಗೆ ಅಷ್ಟು ಸಾಕ್ಷಿ ಬೇಕಾಗಬಾರದಿತ್ತು. ಆಮೇಲೆ ನಿನ್ನ ಏಪ್ರಿಲಿನ ಕಾಗದ ಬಂತು. ಲಕೋಟೆ ಒಡೆಯಲು ನನಗೆ ಆಗದೆ, ಅದನ್ನು ಟೀಚರೇ ಒಡೆದು ಓದಿ ಹೇಳಿದರು. ಕೊನೆಯ ಸಾಲಿಗೆ ಬಂದಾಗ ಅವರು ನಿಲ್ಲಿಸಿದರು. ಪೂರ್ತಿ ಓದಿ ಅಂದೆ.

ನೀನು ಬಿಡಿಸಿ ಹೇಳಿದ್ದು ನನಗೆ ಅರ್ಥವಾಯಿತು. ಬಸವರಾಜುವಿಗೆ ಚಹಾ ಕೊಡುವ ಬದಲು ಅವರೆದುರು ಒಂದು ಸೇರು ರಾಗಿ ಬೀಸಿದ್ದರೆ ಸಾಕಿತ್ತು. ತಪ್ಪಿನಲ್ಲಿ ನನ್ನ ಪಾಲೂ ಇದೆ ಅಂತ ನಿನಗೆ ಸಮಾಧಾನ ಹೇಳಬೇಕು ಅಂತ ಅಂದುಕೊಂಡೆ. ಮನಸ್ಸು ಬರಲಿಲ್ಲ. ಮರ್ಯಾದೆ ಮಾಡಿದ್ದು ಯಾವತ್ತಿಂದ ತಪ್ಪಾಯಿತು?

ಹೊಸ ತಂತಿ ಬರಲಿ, ರಾಮಯ್ಯನಿಗಾಗುತ್ತದೆ. ಮಿಲ್ಲು ಅವನದೇ ಇರಲಿ. ಆ ಸದ್ದು ಕೇಳಿದರೆ ನಾನು ಹಿತ್ತಿಲಿಗೆ ಹೋಗುತ್ತೇನೆ.

ಬರಲೇ ಅಂತ ಕೇಳಿದ್ದೀಯ. ಬಾ. ಬಾಗಿಲು ಹಾಕಿಕೊಳ್ಳುವುದಕ್ಕೆ ನೀನೇನು ಹೊರಗಿನವನೇ? ಆದರೆ ಬಂದು ಕಾಲು ಹಿಡಿಯಬೇಡ, ಅಳಬೇಡ, ನಾನು ಸಂತೈಸಬೇಕಾಗುತ್ತದೆ, ಅಷ್ಟು ಶಕ್ತಿ ಈಗ ಇಲ್ಲ.

ಈಗ ನೋವಿಲ್ಲ ಅಂತ ಬರೆಯಬಹುದಿತ್ತು. ಅದನ್ನಾದರೆ ನೀನು ತಕ್ಷಣ ನಂಬುತ್ತೀಯ, ನಿನಗೂ ಹಗುರ. ಅದಕ್ಕೇ ಬರೆಯುವುದಿಲ್ಲ. ನೋವಿದೆ ಕಣೋ.

ಕುಲ್ಸುಂ